ಮೊರಾಕ್ಕೊ ಟ್ರಿಪ್‌ನಲ್ಲಿ ಫೆಸ್ ಊರಿಗೆ ಒಂದೇ ದಿನ ಇದೆ, ಅದೂ ಶುಕ್ರವಾರ. ಲೆದರ್, ಸೆರಾಮಿಕ್ ಶಾಪಿಂಗ್‌ಗೆ ಸಾಕಾಗತ್ತಾ?

ಸಾಕಾಗಲ್ಲ. ಹೋಟೆಲ್ ಕ್ಯಾನ್ಸಲ್ ಮಾಡೋಕೆ ಇನ್ನೂ ಟೈಮ್ ಇದ್ರೆ ಮೊದಲು ಆ ಶುಕ್ರವಾರ ಬದಲಾಯಿಸಿ. ಗುರುವಾರ ರಾತ್ರಿ ಮರಾಕೇಶ್‌ನಿಂದ ರೈಲಲ್ಲಿ ಬರೋದು, ಶುಕ್ರವಾರ ಸುತ್ತೋದು, ಶನಿವಾರ ಬೆಳಿಗ್ಗೆ ಮರುಭೂಮಿ ಕಡೆ ಹೊರಡೋದು ಅಂತ ಬರೆದಿದೀರಲ್ಲ, ನಾನೂ ನನ್ನ ಹೆಂಡ್ತೀನೂ ಮೊದಲ ಸಲ ಮಾಡಿದ್ದು ಅದನ್ನೇ.

ಬೆಳಿಗ್ಗೆ ಬಾಬ್ ಬೂ ಜೆಲೂದ್ ಬಾಗಿಲಿಂದ ಹಳೇ ಊರಿನ ಒಳಗೆ ಹೋದ್ವಿ, ಹೊರಗಡೆ ನೀಲಿ ಟೈಲ್ಸ್ ಒಳಗಡೆ ಹಸಿರು ಇರತ್ತಲ್ಲ ಅದು. ಹತ್ರದಲ್ಲೇ ಬೂ ಇನಾನಿಯಾ ಮದರಸಾ, 14ನೇ ಶತಮಾನದ್ದು. ಕೆಳಗೆ ಜಲ್ಲೀಜ್ ಟೈಲ್ಸ್, ಅದರ ಮೇಲೆ ಗಾರೆ ಕೆತ್ತನೆ, ಅದರ ಮೇಲೆ ದೇವದಾರು ಮರದ ಕೆತ್ತನೆ, ಬಿಟ್ಟು ಬರೋಕೇ ಮನಸ್ಸಾಗ್ಲಿಲ್ಲ. ಕಸುಬಿನವರನ್ನ ಊಟ ಆದ್ಮೇಲೆ ಆರಾಮಾಗಿ ನೋಡೋಣ ಅಂದ್ಕೊಂಡ್ವಿ. ಅಲ್ಲೇ ಎಡವಿದ್ದು.

ಯಾಕಂದ್ರೆ ಶುಕ್ರವಾರ ಅಲ್ಲಿ ಎಲ್ಲರಿಗೂ ಒಟ್ಟಿಗೆ ರಜಾ ಅಂತ ಏನಿಲ್ಲ, ಅದಕ್ಕೇ ಮೋಸ ಹೋಗ್ತೀವಿ. ಬೆಳಿಗ್ಗೆ ಎಷ್ಟೋ ಅಂಗಡಿ ತೆಗೆದಿರ್ತಾರೆ, ಮಧ್ಯಾಹ್ನದ ನಮಾಜ್ ಹೊತ್ತಿಗೆ ಬಾಗಿಲು ಹಾಕ್ಕೊಂಡು ಹೋದವರು ಮನೇಲಿ ಕುಸ್ಕುಸ್ ಊಟ ಮಾಡಿ ತುಂಬಾ ಜನ ವಾಪಸ್ ಬರೋದೇ ಇಲ್ಲ. ನಾವು ಸಫ್ಫಾರೀನ್ ಚೌಕಕ್ಕೆ ಹೋದಾಗ, ತಾಮ್ರದ ಹಂಡೆ ತಟ್ಟೋ ಸದ್ದಿಗೇ ಹೆಸರಾದ ಜಾಗ ಅದು, ಒಂದು ಸುತ್ತಿಗೆ ಸದ್ದಿಲ್ಲ. ತೆರೆದಿರೋದು ಟೂರಿಸ್ಟ್‌ಗಳಿಗೆ ಅಂತಲೇ ಇರೋ ದೊಡ್ಡ ಅಂಗಡಿಗಳು. ನಮಗೆ ಅದೊಂದೇ ದಿನ ಇರೋದು, ಬರಿಗೈಯಲ್ಲಿ ಹೋಗ್ಬಾರ್ದು ಅಂತ ಹೆಂಡ್ತಿಗೆ ಆಸೆ, ಅಷ್ಟೊತ್ತಿಗೆ ಒಬ್ಬ ಹುಡುಗ ಬಂದು ಟ್ಯಾನರಿ, ಅಂದ್ರೆ ಚರ್ಮ ಹದ ಮಾಡೋ ಜಾಗ, ತೋರಿಸ್ತೀನಿ ಬನ್ನಿ ಅಂತ ಗಲ್ಲಿ ಗಲ್ಲಿ ತಿರುಗಿಸಿ ಒಂದು ಅಂಗಡಿ ಟೆರೇಸ್ ಹತ್ತಿಸಿದ. ವಾಸನೆ ತಡೆಯೋಕೆ ಕೈಗೆ ಪುದೀನಾ ಕೊಟ್ರು, ಕೆಳಗೆ ತೊಟ್ಟಿಗಳಲ್ಲಿ ಹೆಚ್ಚು ಜನ ಇರ್ಲಿಲ್ಲ. ಇಳಿದು ಬರೋ ದಾರಿ ಅಂಗಡಿ ಮಧ್ಯದಲ್ಲೇ. 1,800 ದಿರ್ಹಮ್ ಕೊಟ್ಟು ಒಂದು ಲೆದರ್ ಪೂಫ್, ಅಂದ್ರೆ ನೆಲದ ಮೇಲಿಡೋ ಮೆತ್ತನೆ ಸೀಟು, ತಗೊಂಡ್ವಿ. ಹೋಲಿಸಿ ನೋಡೋಕೆ ಪಕ್ಕದ ಅಂಗಡಿ ತೆರೆದಿರ್ಲಿಲ್ಲ, ಹೊಲಿಗೆ ಹೇಗಿರ್ಬೇಕು ಅಂತ ಕೇಳೋಕೆ ಒಬ್ಬ ಕೆಲಸಗಾರ ಸಿಗ್ಲಿಲ್ಲ, ನಾಳೆ ಬರ್ತೀವಿ ಅನ್ನೋಕೆ ನಾಳೆ ಇರ್ಲಿಲ್ಲ. ಚೌಕಾಸಿ ಬರಲ್ಲ ಅಂತಲ್ಲ, ಎದ್ದು ಹೋಗೋ ಅವಕಾಶವನ್ನೇ ನಾವು ಪ್ಲಾನ್ ಮಾಡೋವಾಗ ಕಳ್ಕೊಂಡಿದ್ವಿ. ಮನೆಗೆ ಬಂದ್ಮೇಲೆ ಅದರ ಕೆಂಪು ಬಣ್ಣ ಬಟ್ಟೆಗೆಲ್ಲ ಹತ್ತೋಕೆ ಶುರುವಾಯ್ತು.

ಎರಡನೇ ಸಲ ಬೇರೆ ವಾರ ಹಿಡಿದು, ಪೂರ್ತಿ ಟೈಮ್ ಫೆಸ್‌ಗೇ ಇಟ್ಟು ಹೋದ್ವಿ. ಊರೇ ಬೇರೆ! ಕಾರು ಬರದ ಗಲ್ಲಿಗಳು, ಹಿಂದಿನಿಂದ ಬಾಲಾಕ್ ಬಾಲಾಕ್ (ದಾರಿ ಬಿಡಿ) ಅಂತ ಕೂಗೋರು, ಅವರ ಜೊತೆ ಚರ್ಮ ಹೊತ್ತ ಕತ್ತೆಗಳು. ಶುವಾರಾ ಟ್ಯಾನರಿಯಲ್ಲಿ ಬಿಳಿ ತೊಟ್ಟಿಯಲ್ಲಿ ಸುಣ್ಣ, ಪಾರಿವಾಳದ ಹಿಕ್ಕೆ ಹಾಕಿ ಚರ್ಮ ನೆನೆಸ್ತಾರೆ, ಕೂದಲು ಬಿಡೋಕೆ, ಮೆತ್ತಗಾಗೋಕೆ. ಆಮೇಲೆ ಬಣ್ಣದ ತೊಟ್ಟಿಗೆ ಸೊಂಟದವರೆಗೆ ಇಳಿದು ಕಾಲಲ್ಲೇ ತುಳೀತಾರೆ. ಹಳದಿಗೆ ಕೇಸರಿ, ಕೆಂಪಿಗೆ ಗಸಗಸೆ ಹೂವು ಅಂತ ಹೇಳಿ ಯಾರಾದ್ರೂ ಜಾಸ್ತಿ ರೇಟ್ ಕೇಳಿದ್ರೆ ಕೊಡ್ಬೇಡಿ, ಕೆಮಿಕಲ್ ಬಣ್ಣ ಈಗ ಎಲ್ಲಾ ಕಡೆ ಇದೆ. ಒದ್ದೆ ಟಿಶ್ಯೂ ತಗೊಂಡು ಮೂಲೆಯಲ್ಲಿ ಉಜ್ಜಿ ನೋಡಿ.

ಆದ್ರೆ ನನ್ನನ್ನ ಕೇಳಿದ್ರೆ ಲೆದರ್‌ಗಿಂತ ಐನ್ ನೊಕ್ಬಿಗೆ ಹೋಗಿ. ಕೋಟೆ ಗೋಡೆ ಹೊರಗಿದೆ, ಟ್ಯಾಕ್ಸಿ ತಗೊಳ್ಳಿ. ಕುಂಬಾರರ ಜಾಗ, ಫೆಸ್‌ನ ಬೂದು ಜೇಡಿಮಣ್ಣು, ಆವಿಗೆಗೆ ಆಲಿವ್ ಬೀಜ ಉರಿಸ್ತಾರೆ. ಜಲ್ಲೀಜ್ ಅಂದ್ರೆ ಅಚ್ಚು ಹಾಕಿದ ಡಿಸೈನ್ ಅಲ್ಲ, ಒಂದೊಂದೇ ಬಣ್ಣದ ಚೌಕ ಟೈಲ್ ಸುಟ್ಟು, ನೆಲದ ಮೇಲೆ ಕೂತು ಚೂಪಾದ ಭಾರದ ಸುತ್ತಿಗೆಯಿಂದ ನಕ್ಷತ್ರ, ಎಲೆ ಹೀಗೆ ಚೂರು ಚೂರು ಕತ್ತರಿಸ್ತಾರೆ. ಜೋಡಿಸೋನು ಬಣ್ಣದ ಮುಖ ಕೆಳಗೆ ಮಾಡಿ ಜೋಡಿಸ್ತಾನೆ, ಹಿಂದೆ ಗಾರೆ ಸುರೀತಾರೆ, ಅಂದ್ರೆ ಇಡೀ ಚಿತ್ತಾರ ಅವನ ತಲೆಯಲ್ಲೇ ಇರ್ಬೇಕು, ಕಣ್ಣಿಗೆ ಕಾಣೋದು ಬರೀ ಮಣ್ಣಿನ ಹಿಂಭಾಗ. ಬೂ ಇನಾನಿಯಾ ಗೋಡೆ ನೋಡಿದ್ಮೇಲೆ ಇದನ್ನ ನೋಡಿ ನಾನು ಎಷ್ಟು ಹೊತ್ತು ನಿಂತಿದ್ನೋ ಗೊತ್ತಿಲ್ಲ.

ಅದಕ್ಕೇ ಏನು ಶಾಪಿಂಗ್ ಮಾಡ್ಲಿ ಅನ್ನೋ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಮೊದಲ ದಿನ ಪರ್ಸ್ ತೆಗೀಬೇಡಿ, ಕೆಲಸ ಮಾಡೋದನ್ನ ನೋಡಿ. ಬ್ಯಾಡ್ಜ್ ಇರೋ ಲೈಸೆನ್ಸ್ ಗೈಡ್ ಅರ್ಧ ದಿನಕ್ಕೆ ತಗೊಳ್ಳಿ, ಅಂಗಡಿ ಬೇಡ, ಕೆಲಸದ ಜಾಗ ಮಾತ್ರ ಅಂತ ಮೊದಲೇ ಹೇಳಿ, ಅಂಗಡಿಯವರು ಕೊಡೋ ಕಮಿಷನ್ ತಪ್ಪತ್ತೆ ಅಂತ ಮುಖ ಸಣ್ಣ ಮಾಡಿದ್ರೆ ಬೇರೆಯವರನ್ನ ಹುಡುಕಿ. ದಾರಿ ತಪ್ಪೋ ಭಯಕ್ಕೆ ಗೈಡ್ ಬೇಡ, ತಲಾ ಕಬೀರಾ ಬೀದಿ ಬೂ ಜೆಲೂದ್‌ನಿಂದ ಇಳಿಜಾರು, ವಾಪಸ್ ಬರೋಕೆ ಅದನ್ನೇ ಹಿಡಿದು ಏರು ಹತ್ತಿದ್ರಾಯ್ತು.

ಶುಕ್ರವಾರ ತಪ್ಪಿಸೋಕೇ ಆಗಲ್ಲ ಅಂದ್ರೆ ಆ ದಿನ ಹತ್ರದ ಮೆಕ್ನೆಸ್ ಊರು, ವೊಲುಬಿಲಿಸ್ ರೋಮನ್ ಅವಶೇಷ ನೋಡ್ಕೊಂಡು ಬನ್ನಿ, ಮರುಭೂಮಿಯಲ್ಲಿ ಒಂದು ರಾತ್ರಿ ಕಮ್ಮಿ ಮಾಡಿ ಶನಿವಾರ ಬೆಳಿಗ್ಗೆಯಿಂದ ಫೆಸ್ ಶುರು ಮಾಡಿ.