ಕೋಚ್ ಆದವರ ಮಕ್ಕಳು ಹೊರಗೆ ಕೂರಬೇಕೇ?

ಪ್ರಶ್ನೆ: ನಮ್ಮ ಮುತ್ಯಾ ಕಲಬುರಗಿಯ ಶಾಲೆಯೊಂದರಲ್ಲಿ ಡ್ರಿಲ್ ಮಾಸ್ತರರಾಗಿದ್ದರು, ಸಂಜೆ ಹೊತ್ತು ಮಕ್ಕಳಿಗೆ ಫುಟ್‌ಬಾಲ್ ಕಲಿಸುತ್ತಿದ್ದರು. ಹೈದರಾಬಾದಿನಲ್ಲಿ ಓದುವಾಗ ಸಿಟಿ ಪೊಲೀಸ್ ತಂಡದ ಆಟ ನೋಡಿದವರಾದ್ದರಿಂದ ಅವರ ಬಾಯಲ್ಲಿ ಸದಾ ಆ ತಂಡದ ಕೋಚ್ ರಹೀಂ ಸಾಹೇಬರ ಹೆಸರೇ. ‘ಟೀಮು ಅಂದ್ರ ಮನಿ ಇದ್ದಂಗ, ಆದ್ರ ಮನಿ ಮಂದಿನ್ನ ಟೀಮಿನಾಗ ಮುಂದ ತರಬಾರದು’ ಎಂದು ನನಗೆ ಎಷ್ಟೋ ಸಲ ಹೇಳಿದ್ದರು. ಅದೇ ಮಾತಿಗೆ ಕಟ್ಟುಬಿದ್ದು, ತಂಡದಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡುತ್ತಿದ್ದ ನಮ್ಮ ಅಪ್ಪನನ್ನು ಜಿಲ್ಲಾ ಮಟ್ಟದ ಪಂದ್ಯದ ದಿನ ಹೊರಗೆ ಕೂರಿಸಿದ್ದರಂತೆ. ಅಪ್ಪ ಅದನ್ನು ಇಂದಿಗೂ ಮರೆತಿಲ್ಲ. ಈಗ ನಾನೇ ಹೆಣ್ಣುಮಕ್ಕಳ ತಂಡವೊಂದಕ್ಕೆ ಕಲಿಸುತ್ತಿದ್ದೇನೆ. ನನ್ನ ಮಗಳೂ ಆ ತಂಡದಲ್ಲಿದ್ದಾಳೆ. ರಹೀಂ ಸಾಹೇಬರು ತಮ್ಮ ಮಗನನ್ನು ನಿಜವಾಗಿಯೂ ಹೀಗೆಯೇ ನಡೆಸಿಕೊಂಡರೇ? ನಾನೇನು ಮಾಡಬೇಕು?
— ಹೆಸರು ಬೇಡವೆಂದಿರುವ ಓದುಗರು, ಕಲಬುರಗಿ

ಉತ್ತರ: ನಿಮ್ಮ ಮುತ್ಯಾ ಒಳ್ಳೆಯ ಗುರುವನ್ನೇ ಆರಿಸಿಕೊಂಡಿದ್ದರು. ಸೈಯದ್ ಅಬ್ದುಲ್ ರಹೀಂ ಅವರೂ ವೃತ್ತಿಯಿಂದ ಶಾಲಾ ಶಿಕ್ಷಕರೇ. 1950ರಿಂದ 1954ರವರೆಗೆ ಸತತವಾಗಿ ಐದು ಸಲ ಮುಂಬೈಯ ಹೆಸರಾಂತ ಫುಟ್‌ಬಾಲ್ ಪಂದ್ಯಾವಳಿಯಾದ ರೋವರ್ಸ್ ಕಪ್ ಗೆದ್ದ ಹೈದರಾಬಾದ್ ಸಿಟಿ ಪೊಲೀಸ್ ತಂಡವನ್ನು ಕಟ್ಟಿದವರು ಅವರು. ಭಾರತ ತಂಡ 1951ರಲ್ಲಿ ದೆಹಲಿಯಲ್ಲಿ ಮತ್ತು 1962ರಲ್ಲಿ ಜಕಾರ್ತಾದಲ್ಲಿ ಏಷ್ಯನ್ ಕ್ರೀಡಾಕೂಟದ ಚಿನ್ನ ಗೆದ್ದದ್ದೂ, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನಕ್ಕೆ ಏರಿದ್ದೂ ಅವರ ಕೈಕೆಳಗೆ. ಮೆಲ್ಬರ್ನ್ ತಂಡದಲ್ಲಿ ನಮ್ಮ ಬೆಂಗಳೂರಿನ ಕೆಂಪಯ್ಯನವರಿದ್ದರೆಂಬುದನ್ನು ಕನ್ನಡದ ಓದುಗರು ನೆನಪಿಡಬೇಕು.

ತಂಡವೆಂದರೆ ಮನೆ ಎಂಬ ಮಾತನ್ನು ಇಂದು ಎಲ್ಲ ಕಚೇರಿಗಳಲ್ಲೂ ಕೇಳುತ್ತೇವೆ. ರಹೀಂ ಅವರಲ್ಲಿ ಅದು ಬರಿಯ ಮಾತಾಗಿರಲಿಲ್ಲ. ಸಿಕಂದರಾಬಾದಿನ ಬಡ ಹುಡುಗ ತುಳಸಿದಾಸ್ ಬಲರಾಂ, ಅಭ್ಯಾಸಕ್ಕೆ ಹೈದರಾಬಾದಿನವರೆಗೆ ಬಂದುಹೋಗಲು ತಮ್ಮಲ್ಲಿ ಹಣವಿಲ್ಲವೆಂದಾಗ ಬಾಡಿಗೆ ಸೈಕಲ್ಲಿಗೆ ರಹೀಂ ದುಡ್ಡು ಕೊಟ್ಟರೆಂದು ಮುಂದೆ ನೆನೆದುಕೊಂಡಿದ್ದರು. ಅದೇ ಬಲರಾಂ 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಹಂಗೆರಿ ಮತ್ತು ಪೆರು ವಿರುದ್ಧ ಗೋಲು ಹೊಡೆದರು. ಆಟಗಾರನ ಮನೆಯಲ್ಲಿ ಏನಿದೆ, ಏನಿಲ್ಲ ಎಂಬುದು ಕೋಚ್‌ಗೆ ತಿಳಿದಿರಬೇಕು ಎಂಬುದೇ ಇಲ್ಲಿ ಮನೆಯೆಂಬ ಮಾತಿನ ತಿರುಳು ಎಂದು ನಾನು ಭಾವಿಸುತ್ತೇನೆ.

ಆದರೆ ಆ ಅಕ್ಕರೆ ಹನ್ನೊಂದು ಮಂದಿಯನ್ನು ಆರಿಸುವಾಗ ಅಡ್ಡ ಬರುತ್ತಿರಲಿಲ್ಲ. ಜಕಾರ್ತಾಕ್ಕೆ ಹೋಗುವ ಹೊತ್ತಿಗೆ ರಹೀಂ ಅವರ ಶ್ವಾಸಕೋಶವನ್ನು ಕ್ಯಾನ್ಸರ್ ತಿನ್ನುತ್ತಿತ್ತು. ಫೈನಲ್‌ನ ಹಿಂದಿನ ಸಂಜೆ, ತಮಗೆ ಚಿನ್ನದ ಪದಕವನ್ನೇ ಉಡುಗೊರೆಯಾಗಿ ಕೊಡಿರೆಂದು ಅವರು ಕೇಳಿಕೊಂಡರೆಂದು ಆ ತಂಡದವರು ಹೇಳುತ್ತಿದ್ದರು. ಹೀಗೆ ಮನಸ್ಸು ಬಿಚ್ಚಿ ಬೇಡಿಕೊಂಡ ಅದೇ ಮನುಷ್ಯ, ಸೆಮಿಫೈನಲ್‌ನಲ್ಲಿ ಗೋಲು ಕಾಯ್ದಿದ್ದ ಪ್ರದ್ಯೋತ್ ಬರ್ಮನ್ ಅವರನ್ನು ಹೊರಗಿಟ್ಟು, ಎತ್ತರದ ಆಳಾದ ಪೀಟರ್ ತಂಗರಾಜ್ ಅವರನ್ನು ಇಳಿಸಿದರು. ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಿಸಿಕೊಂಡಿದ್ದ ಡಿಫೆಂಡರ್ ಜರ್ನೈಲ್ ಸಿಂಗ್ ಅವರನ್ನು ಮುಂಚೂಣಿಯಲ್ಲಿ ಆಡಿಸಿದರು. ದಕ್ಷಿಣ ಕೊರಿಯಾ ವಿರುದ್ಧದ ಆ ಪಂದ್ಯವನ್ನು ಭಾರತ 2–1ರಿಂದ ಗೆದ್ದಿತು. ಎರಡು ಗೋಲುಗಳಲ್ಲಿ ಒಂದು ಜರ್ನೈಲ್ ಅವರದು, ಇನ್ನೊಂದು ಪಿ.ಕೆ. ಬ್ಯಾನರ್ಜಿ ಅವರದು. ಹತ್ತು ತಿಂಗಳು ಕಳೆಯುವುದರೊಳಗೆ, 1963ರ ಜೂನ್ 11ರಂದು ರಹೀಂ ತೀರಿಕೊಂಡರು.

ಇನ್ನು ಮಗನ ವಿಚಾರ. ಸೈಯದ್ ಶಾಹಿದ್ ಹಕೀಂ ರೋಮ್ ಒಲಿಂಪಿಕ್ಸ್‌ಗೆ ಹೋದ ತಂಡದಲ್ಲಿದ್ದರು, ಆ ತಂಡಕ್ಕೆ ಅವರ ತಂದೆಯೇ ಕೋಚ್. ಭಾರತ ಅಲ್ಲಿ ಹಂಗೆರಿ, ಫ್ರಾನ್ಸ್, ಪೆರು ವಿರುದ್ಧ ಮೂರು ಪಂದ್ಯ ಆಡಿತು, ಹಕೀಂ ಅವರಿಗೆ ಒಂದರಲ್ಲೂ ಮೈದಾನಕ್ಕಿಳಿಯುವ ಅವಕಾಶ ಸಿಗಲಿಲ್ಲ. ಇದನ್ನು ನಿಮ್ಮ ಮುತ್ಯಾ ಮಗನನ್ನು ದೂರವಿಡುವ ಪಾಠವಾಗಿ ತೆಗೆದುಕೊಂಡಂತೆ ಕಾಣುತ್ತದೆ. ನನಗೆ ಹಾಗೆ ಅನ್ನಿಸುವುದಿಲ್ಲ. ಮಗನೆಂಬ ಕಾರಣಕ್ಕೆ ದೂರವಿಡುವುದಾಗಿದ್ದರೆ ರಹೀಂ ಹಕೀಂರನ್ನು ರೋಮ್‌ಗೆ ಕರೆದೊಯ್ಯುತ್ತಲೇ ಇರಲಿಲ್ಲ; ಮಗನೆಂಬ ಕಾರಣಕ್ಕೆ ಆಡಿಸುವುದಾಗಿದ್ದರೆ ಮೂರರಲ್ಲಿ ಒಂದು ಪಂದ್ಯದಲ್ಲಾದರೂ ಇಳಿಸುತ್ತಿದ್ದರು. ಎರಡನ್ನೂ ಮಾಡಲಿಲ್ಲ ಎಂಬುದರಲ್ಲಿಯೇ ಅವರ ನ್ಯಾಯವಿದೆ. ಹಕೀಂ ಕೂಡ ಆಟದಿಂದ ಮುಖ ತಿರುಗಿಸಿದವರಲ್ಲ. ವಾಯುಪಡೆಯಲ್ಲಿ ಸ್ಕ್ವಾಡ್ರನ್ ಲೀಡರ್ ಆಗಿ, ಫಿಫಾ ರೆಫರಿಯಾಗಿ, ಕೋಚ್ ಆಗಿ ಬದುಕಿನುದ್ದಕ್ಕೂ ಫುಟ್‌ಬಾಲ್ ಜೊತೆಗೇ ಇದ್ದು, 2017ರಲ್ಲಿ ಧ್ಯಾನ್‌ಚಂದ್ ಪ್ರಶಸ್ತಿ ಪಡೆದರು. 2021ರ ಆಗಸ್ಟ್‌ನಲ್ಲಿ ಅವರು ಕೊನೆಯುಸಿರೆಳೆದದ್ದು ನಿಮ್ಮ ಕಲಬುರಗಿಯಲ್ಲಿಯೇ.

ಆದ್ದರಿಂದ, ಹಿರಿಯರ ಬಗ್ಗೆ ಗೌರವವಿಟ್ಟುಕೊಂಡೇ ಹೇಳುತ್ತೇನೆ: ಎಲ್ಲರಿಗಿಂತ ಚೆನ್ನಾಗಿ ಆಡುವ ಹುಡುಗನನ್ನು, ಅವನು ತನ್ನ ಮಗನೆಂಬ ಒಂದೇ ಕಾರಣಕ್ಕೆ ಹೊರಗೆ ಕೂರಿಸುವುದು ನ್ಯಾಯವಲ್ಲ. ಅದರಿಂದ ಕೋಚ್‌ನ ಹೆಸರು ಶುದ್ಧವಾಗಿ ಉಳಿಯುತ್ತದೆ, ಬೆಲೆ ತೆರುವವನು ಮಾತ್ರ ಮಗ. ಉಳಿದ ಹುಡುಗರಿಗೂ ಅದರಿಂದ ಒಳಿತಾಗಲಿಲ್ಲ, ಏಕೆಂದರೆ ಅವರು ತಮ್ಮ ಅತ್ಯುತ್ತಮ ಆಟಗಾರನಿಲ್ಲದೆ ಆಡಬೇಕಾಯಿತು. ನಿಮ್ಮ ಅಪ್ಪನವರ ನೋವು ಸಣ್ಣತನವಲ್ಲವೆಂದು ಅವರಿಗೆ ತಿಳಿಸಿ.

ನಿಮ್ಮ ಮಗಳ ವಿಷಯದಲ್ಲಿ ಎರಡು ಕೆಲಸಗಳನ್ನು ಮಾಡಬಹುದು. ರಹೀಂ ಹೈದರಾಬಾದಿನಲ್ಲಿ ಡ್ರಿಬ್ಲಿಂಗ್, ಅಂದರೆ ಚೆಂಡನ್ನು ಕಾಲಲ್ಲೇ ಇಟ್ಟುಕೊಂಡು ಓಡುವುದು, ಇಲ್ಲದ ಪಂದ್ಯಾವಳಿಗಳನ್ನು, ಬಲವಿಲ್ಲದ ಕಾಲಿನಿಂದಲೇ ಆಡುವ ಪಂದ್ಯಾವಳಿಗಳನ್ನು ನಡೆಸುತ್ತಿದ್ದರು. ಅಂಥ ಆಟಗಳನ್ನು ವಾರಕ್ಕೊಮ್ಮೆ ಇಟ್ಟುಕೊಳ್ಳಿ. ಚೆಂಡು ಬಂದೊಡನೆ ಪಾಸ್ ಕೊಡಲೇಬೇಕಾದಾಗ ಯಾರು ಸುತ್ತ ನೋಡಿ ಆಡುತ್ತಾರೆ, ಯಾರು ತಡವರಿಸುತ್ತಾರೆ ಎಂಬುದು ಬದಿಯಲ್ಲಿ ನಿಂತ ತಂದೆತಾಯಿಗಳಿಗೂ ಕಣ್ಣಾರೆ ಕಾಣುತ್ತದೆ. ಕೋಚ್‌ನ ಮಗಳೆಂದು ಯಾರೂ ಅವಳಿಗೆ ಚೆಂಡು ಬಿಟ್ಟುಕೊಡಬೇಕಾಗಿಲ್ಲ. ಎರಡನೆಯದಾಗಿ, ಮಗಳ ಆಟಕ್ಕೆ ಅಂಕ ಕೊಡುವ ಕೆಲಸವನ್ನು ಶಾಲೆಯ ಇನ್ನೊಬ್ಬ ದೈಹಿಕ ಶಿಕ್ಷಕರಿಗೆ ಒಪ್ಪಿಸಿ, ಪಂದ್ಯದ ಹಿಂದಿನ ದಿನ ಪಟ್ಟಿಯನ್ನು ಇಬ್ಬರ ಸಹಿಯೊಂದಿಗೆ ನೋಟಿಸ್ ಬೋರ್ಡಿಗೆ ಹಾಕಿ. ಹೆಸರು ಬಿಟ್ಟುಹೋದ ಪ್ರತಿ ಹುಡುಗಿಗೂ, ನಿಮ್ಮ ಮಗಳೂ ಸೇರಿದಂತೆ, ಏಕೆ ಬಿಟ್ಟಿರೆಂಬುದನ್ನು ಅಂದೇ ಮೈದಾನದಲ್ಲಿ ಕರೆದು ಹೇಳಿ. ಅಡುಗೆಮನೆಯಲ್ಲಿ ಆ ಮಾತು ಬೇಡ. ಅಲ್ಲಿ ಅವಳಿಗೆ ಬೇಕಾದವರು ಅವಳ ಹೆತ್ತವರು, ಕೋಚ್ ಅಲ್ಲ.