ಬಾಡಿಗೆ ಮನೇಲಿ ಬೆಳಕಿಗೇನು ಮಾಡೋದು?

ಪ್ರಶ್ನೆ: ಮೇಡಂ, ನಮ್ದು ಬೆಂಗಳೂರು ವಿಜಯನಗರದಲ್ಲಿ ಒಂದು ಬೆಡ್‌ರೂಮಿನ ಬಾಡಿಗೆ ಮನೆ, ಪಕ್ಕದ ಬಿಲ್ಡಿಂಗ್ ಗೋಡೆ ಕಿಟಕಿಯಿಂದ ಕೈ ಚಾಚಿದ್ರೆ ಸಿಗುತ್ತೆ ಅಷ್ಟು ಹತ್ರ, ಹಾಗಾಗಿ ಮಧ್ಯಾಹ್ನ ಎರಡು ಗಂಟೆಗೂ ಲೈಟ್ ಹಾಕ್ಬೇಕು. ಹಾಲ್‌ಗೆ ಒಂದು ಟ್ಯೂಬು, ಅಡುಗೆಮನೆಗೆ ಬಾಗಿಲ ಮೇಲೆ ಒಂದು ಬಲ್ಬು, ಅಷ್ಟೇ. ಅಡುಗೆಮನೇಲಿ 9 ವ್ಯಾಟ್ ತೆಗೆದು 15 ವ್ಯಾಟ್ ಹಾಕಿದ್ರೂ ತರಕಾರಿ ಹೆಚ್ಚೋವಾಗ ಕತ್ತಲೇ. ಓನರ್ ಕೆಳಗಡೆನೇ ಇದಾರೆ, ಮೊಳೆ ಹೊಡೆಯಂಗಿಲ್ಲ ವೈರಿಂಗ್ ಮುಟ್ಟಂಗಿಲ್ಲ ಅಂತ ಅಗ್ರಿಮೆಂಟ್ ಟೈಮಲ್ಲೇ ಹೇಳಿದ್ರು. ನಂಗೆ ಹಳದಿ ಲೈಟ್ ಇಷ್ಟ, ಅತ್ತೆಗೆ ಹಳದಿ ಅಂದ್ರೇನೇ ಆಗಲ್ಲ. ಏನಾದ್ರೂ ದಾರಿ ಇದ್ಯಾ?

ಉತ್ತರ: 15 ವ್ಯಾಟ್ ಹಾಕಿದ್ರೂ ಕತ್ತಲೆ ಅಂತ ಬರ್ದಿದೀರಲ್ಲ, ಅಲ್ಲೇ ಇದೆ ನೋಡಿ ವಿಷಯ. ಬಲ್ಬು ಬಾಗಿಲ ಮೇಲೆ ಅಂದ್ರೆ ನಿಮ್ಮ ಬೆನ್ನ ಹಿಂದೆ, ನೀವು ಕಟ್ಟೆ ಮುಂದೆ ನಿಂತ ತಕ್ಷಣ ನಿಮ್ಮ ನೆರಳೇ ಮಣೆ ಮೇಲೆ ಬೀಳುತ್ತೆ, ಅಲ್ಲಿಗೆ 20 ವ್ಯಾಟ್ ಹಾಕಿದ್ರೂ ನೆರಳು ಇನ್ನೂ ಕಪ್ಪಗೆ ಕಾಣ್ಸುತ್ತೆ ಹೊರತು ಕೈ ಕಾಣ್ಸಲ್ಲ. ನಿಮ್ಗೆ ಬೇಕಿರೋದು ಜಾಸ್ತಿ ಬೆಳಕಲ್ಲ, ಬೆಳಕು ಬೇರೆ ಜಾಗದಲ್ಲಿ.

ಎಲೆಕ್ಟ್ರಿಕಲ್ ಅಂಗಡೀಲಿ ಒಂದಡಿ, ಎರಡಡಿ ಉದ್ದದ ಸಣ್ಣ ಎಲ್‌ಇಡಿ ಪಟ್ಟಿ ಸಿಗುತ್ತೆ, ಟಿ5 ಅಂತ ಕೇಳಿ ಕೊಡ್ತಾರೆ. ಕೆಲವಕ್ಕೆ ಬರೀ ವೈರ್ ತುದಿ ಬಿಟ್ಟಿರ್ತಾರೆ, ಅಂಗಡಿಯವ್ರ ಹತ್ರಾನೇ ಪ್ಲಗ್ ಹಾಕಿಸ್ಕೊಂಡು ಬನ್ನಿ. ಕಟ್ಟೆ ಮೇಲಿರೋ ಶೆಲ್ಫಿನ ಅಡಿಗೆ, ಗೋಡೆ ಕಡೆಗಲ್ಲ ನಿಮ್ಮ ಕಡೆ ಅಂಚಿಗೆ, ಡಬಲ್ ಟೇಪಲ್ಲಿ ಅಂಟಿಸಿ, ಮೊದ್ಲು ಆ ಜಾಗದ ಎಣ್ಣೆ ಜಿಡ್ಡು ಚೆನ್ನಾಗಿ ಒರೆಸಿ ಇಲ್ಲಾಂದ್ರೆ ವಾರಕ್ಕೇ ಸಾಂಬಾರಿಗೆ ಬೀಳುತ್ತೆ. ಒಲೆ ನೇರ ಮೇಲೆ ಮಾತ್ರ ಬೇಡ, ಬಿಸಿ ಮತ್ತೆ ಒಗ್ಗರಣೆ ಹೊಗೆ ಅದಕ್ಕೆ ಆಗಿ ಬರಲ್ಲ. ಶೆಲ್ಫೇ ಇಲ್ವಾ? ಪ್ಲಗ್ಗಿಗೇ ಬಲ್ಬ್ ಹೋಲ್ಡರ್ ಕೂಡ್ಸಿರೋದು ಸಿಗುತ್ತೆ, ಮಿಕ್ಸಿ ಸಾಕೆಟ್ ಪಕ್ಕದ್ದಕ್ಕೆ ಸಿಕ್ಸಿದ್ರೆ ಬಲ್ಬು ಕಟ್ಟೆ ಮಟ್ಟದಲ್ಲೇ ಬಂತು. ಇವೆಲ್ಲಾ ಹತ್ತು ವ್ಯಾಟ್ ಆಸುಪಾಸು, ಸಾಕೆಟ್‌ಗೆ ಭಾರ ಏನೂ ಇಲ್ಲ. ಆದ್ರೆ ಅದಕ್ಕೆ ಅಂತ ತಂದ ಎಕ್ಸ್‌ಟೆನ್ಷನ್ ಬಾಕ್ಸಿಗೆ ಆಮೇಲೆ ಇಂಡಕ್ಷನ್ ಒಲೆ ಸಿಕ್ಸೋ ಅಭ್ಯಾಸ ಶುರುವಾಗುತ್ತೆ, ಅದು ಖಂಡಿತಾ ಬೇಡ.

ಹಾಲ್‌ಗೆ ಟ್ಯೂಬು ಇರ್ಲಿ ಬಿಡಿ, ಅದನ್ನ ಇಳಿಸಿ ಒಂದ್ಸಲ ಧೂಳು ಒರೆಸಿ (ಸ್ವಿಚ್ ಆಫ್ ಮಾಡಿ, ಸ್ಟೂಲ್ ಯಾರಾದ್ರೂ ಹಿಡ್ಕೊಳ್ಳಿ), ಅದರ ಜೊತೆ ಮೂಲೇಲಿ ಒಂದು ಸ್ಟ್ಯಾಂಡ್ ಲ್ಯಾಂಪ್ ಇಟ್ಟು ಬೆಳಕನ್ನ ನೇರ ಕಣ್ಣಿಗೆ ಬಿಡದೆ ಬಿಳಿ ಗೋಡೆಗೋ ಸೀಲಿಂಗಿಗೋ ಹೊಡೀರಿ, ಅಲ್ಲಿಂದ ವಾಪಸ್ ಬರೋ ಬೆಳಕು ರೂಮೆಲ್ಲಾ ಹರಡುತ್ತೆ. ತಗೊಳ್ಳೋ ಮುಂಚೆ ಸಾಕೆಟ್‌ನಿಂದ ಮೂಲೇವರೆಗೆ ಟೇಪ್ ಹಿಡ್ದು ಅಳೀರಿ. ನಾನು ಮೈಸೂರಿನ ಬಾಡಿಗೆ ಮನೇಲಿದ್ದಾಗ ಅಳೀದೆ ತಂದು ವೈರು ಎರಡಡಿ ಸಾಲದೆ ಆ ಲ್ಯಾಂಪು ಒಂದು ವರ್ಷ ಟಿವಿ ಪಕ್ಕ ಸುಮ್ನೆ ನಿಂತಿತ್ತು.

ಅತ್ತೆ ವಿಷಯ. ನಮ್ಮ ಹಿರಿಯರಿಗೆ ಹಳದಿ ಅಂದ್ರೆ ವೋಲ್ಟೇಜ್ ಇಲ್ದೆ ಮಿಣಮಿಣ ಅಂತಿದ್ದ 40 ಕ್ಯಾಂಡಲ್ ಬಲ್ಬಿನ ನೆನಪು, ಟ್ಯೂಬ್‌ಲೈಟ್ ಬಂದಿದ್ದೇ ಒಂದು ದೊಡ್ಡ ಸಂಗತಿ ಆ ಕಾಲಕ್ಕೆ, ಅವ್ರನ್ನ ತಪ್ಪು ಅನ್ನೋಕಾಗಲ್ಲ. ಅಲ್ದೆ ವಯಸ್ಸಾದ ಕಣ್ಣಿಗೆ ಓದೋಕೆ, ಸೂಜಿ ಪೋಣಿಸೋಕೆ ನಮಗಿಂತ ಜಾಸ್ತಿ ಬೆಳಕು ಬೇಕೇ ಬೇಕು. ಬಲ್ಬ್ ಡಬ್ಬಿ ಮೇಲೆ ಕೆ ಅಂತ ನಂಬರ್ ಇರುತ್ತೆ ನೋಡಿ, 2700, 3000 ಅಂದ್ರೆ ಹಳದಿ, 6500 ಅಂದ್ರೆ ಆಸ್ಪತ್ರೆ ಬಿಳಿ, ಮಧ್ಯದ 4000 ಇಬ್ರಿಗೂ ಒಪ್ಪಿಗೆ ಆಗಬಹುದು. ಇಲ್ಲಾ ಸ್ವಿಚ್ ಒಂದ್ಸಲ ಆಫ್ ಆನ್ ಮಾಡಿದ್ರೆ ಬಣ್ಣ ಬದಲಾಗೋ ತ್ರೀ-ಇನ್-ಒನ್ ಬಲ್ಬ್ ತಗೊಳ್ಳಿ, ಅವರು ಪೇಪರ್ ಓದೋವಾಗ ಬಿಳಿ, ಅವರು ಮಲಗಿದ್ಮೇಲೆ ನಿಮ್ಮ ಹಳದಿ. ಅವರ ಕುರ್ಚಿ ಪಕ್ಕ ಒಂದು ಟೇಬಲ್ ಲ್ಯಾಂಪ್ ಇಟ್ಬಿಟ್ರೆ ಜಗಳ ಅರ್ಧ ಅಲ್ಲೇ ಮುಗೀತು. ಕರೆಂಟ್ ಬಿಲ್ ಭಯ ಬೇಡ, 9 ವ್ಯಾಟ್ ಬಲ್ಬು ದಿನಕ್ಕೆ ಐದು ಗಂಟೆ ಉರಿದ್ರೆ ತಿಂಗಳಿಗೆ ಒಂದೂವರೆ ಯೂನಿಟ್ಟೂ ಆಗಲ್ಲ.

ಹಗಲು ಬೆಳಕಿಗೆ, ಕಿಟಕಿಯ ಸೊಳ್ಳೆ ಜಾಲರಿ ತೊಳ್ದು ಎಷ್ಟು ದಿನ ಆಯ್ತು?

ಪ್ರಶ್ನೆ: ರೂಮಲ್ಲಿ ಗೋಡೆ ಉದ್ದಕ್ಕೂ ಎಲ್‌ಇಡಿ ಸ್ಟ್ರಿಪ್ ಅಂಟ್ಸಿದ್ದೆ, ಖಾಲಿ ಮಾಡೋವಾಗ ಕೀಳೋಕ್ ಹೋದ್ರೆ ಪೇಂಟ್ ಸಮೇತ ಬರ್ತಿದೆ, ಅಡ್ವಾನ್ಸಲ್ಲಿ ಕಟ್ ಮಾಡ್ತಾರಾ?

ಉತ್ತರ: ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹೆಂಗೂ ಹಿಡ್ಕೊಳ್ಳೋರೇ ಜಾಸ್ತಿ, ಅಗ್ರಿಮೆಂಟಲ್ಲಿ ಆ ಸಾಲು ಇದ್ರೆ ಇದಕ್ಕೆ ಬೇರೆ ದುಡ್ಡು ಯಾಕೆ ಅಂತ ಧೈರ್ಯವಾಗಿ ಕೇಳಿ. ಉಳಿದಿರೋದನ್ನ ಎಳೀಬೇಡಿ, ಸ್ಟ್ರಿಪ್ಪಿನ ಪ್ಲಗ್ ತೆಗೆದು ಹೇರ್ ಡ್ರೈಯರಲ್ಲಿ ಬಿಸಿ ಮಾಡ್ತಾ ಗೋಡೆಗೆ ಒತ್ತಿದಂಗೆ ನಿಧಾನಕ್ಕೆ ಬಿಡಿಸ್ತಾ ಹೋಗಿ. ಮುಂದಿನ ಮನೇಲಿ ಗೋಡೆಗೆ ಬೇಡ, ಮಂಚದ ಹಿಂದೆ, ಬೀರು ಮೇಲೆ ಅಂಟ್ಸಿ, ನಿಮ್ಮ ಸಾಮಾನು ನಿಮ್ಮ ಜೊತೇನೇ ಬರುತ್ತೆ.

ಪ್ರಶ್ನೆ: ಸ್ವಿಚ್ ಆಫ್ ಮಾಡಿದ್ರೂ ಎಲ್‌ಇಡಿ ಬಲ್ಬು ಮಂದವಾಗಿ ಉರೀತಾನೇ ಇರುತ್ತೆ. ಝೀರೋ ಬಲ್ಬ್ ಖರ್ಚು ಉಳೀತು ಅಂತ ಮನೆಯವ್ರು ನಗ್ತಾರೆ. ಏನಿದು?

ಉತ್ತರ: ಸ್ವಿಚ್ಚಲ್ಲಿ ಪುಟ್ಟ ಕೆಂಪು ಲೈಟ್ ಇದ್ರೆ ಅದರ ಮೂಲಕ ಹೋಗೋ ಚೂರು ಕರೆಂಟಿಗೇ ಎಲ್‌ಇಡಿ ಹಂಗೆ ಮಿಣುಕುತ್ತೆ, ಬಲ್ಬ್ ಬ್ರ್ಯಾಂಡ್ ಬದಲಾಯಿಸಿದ್ರೆ ಎಷ್ಟೋ ಸಲ ಸರಿಹೋಗುತ್ತೆ. ಆ ಕೆಂಪು ಲೈಟ್ ಇಲ್ಲಾಂದ್ರೆ ನಗೋ ವಿಷಯ ಅಲ್ಲ. ಫೇಸ್ ವೈರಿಗೆ ಕೊಡಬೇಕಾದ ಸ್ವಿಚ್ಚನ್ನ ನ್ಯೂಟ್ರಲ್‌ಗೆ ಕೊಟ್ಟಿರಬಹುದು, ಹಂಗಿದ್ರೆ ಸ್ವಿಚ್ ಆಫ್ ಇದ್ರೂ ಹೋಲ್ಡರಲ್ಲಿ ಕರೆಂಟ್ ಇರುತ್ತೆ. ಇದು ಮಾತ್ರ ನೀವು ಮಾಡೋ ಕೆಲ್ಸ ಅಲ್ಲ, ಓನರ್‌ಗೆ ಹೇಳಿ ಎಲೆಕ್ಟ್ರಿಷಿಯನ್ ಕರೆಸಿ, ಖರ್ಚೂ ಅವರದ್ದೇ ಆಗ್ಬೇಕು. ಅಲ್ಲೀವರೆಗೆ ಬಲ್ಬ್ ಮುಟ್ಟೋ ಮುಂಚೆ ಮೇನ್ ಆಫ್ ಮಾಡಿ.