ಅಪ್ಪನ ರಕ್ತದಲ್ಲಿ ಬೆಳೆಗೆ ಹೊಡೆದ ಎಣ್ಣೆ ಹುಡುಕುತ್ತಾ 14 ತಿಂಗಳು ಕಳೆದೆ

ಕಾರಟಗಿಯ ನಿಮ್ಮ ಗದ್ದೆ, ನಿಮ್ಮ ಅಪ್ಪನ ಕೈ ನಡುಕ, ಡಾಕ್ಟರು ಹೇಳಿದ ಪಾರ್ಕಿನ್ಸನ್ ಅನ್ನುವ ಮೆದುಳಿನ ರೋಗ, ಎಲ್ಲ ಬರೆದಿದ್ದೀರಿ. ಇದು ಬೆಳೆಗೆ ಎಣ್ಣೆ, ಅಂದರೆ ಕೀಟನಾಶಕ, ಕಳೆನಾಶಕ ಹೊಡೆದದ್ದಕ್ಕೇ ಬಂತು ಅಂತ ತೋರಿಸುವ ರಕ್ತ ಪರೀಕ್ಷೆ ಎಲ್ಲಿ ಮಾಡುತ್ತಾರೆ ಅಂತ ಕೇಳಿದ್ದೀರಿ. 2018ರಲ್ಲಿ ನಾನೂ ಇದನ್ನೇ ಕೇಳಿಕೊಂಡು ತಿರುಗಿದ್ದೆ.

ನಮ್ಮದು ಸಿಂಧನೂರು ತಾಲೂಕು. ಎಡದಂಡೆ ಕಾಲುವೆ ನೀರು, ವರ್ಷಕ್ಕೆ ಎರಡು ಬೆಳೆ ನೆಲ್ಲು. ಅಪ್ಪ 30 ವರ್ಷ ಬೆನ್ನಿಗೆ ಪಂಪ್ ಹೊತ್ತವರು. ಹುಳಕ್ಕೆ ಕ್ಲೋರ್‌ಪೈರಿಫಾಸ್, ಬದುವಿನ ಕಸಕ್ಕೆ, ಅಂದರೆ ಕಳೆಗೆ, ಪ್ಯಾರಾಕ್ವಾಟ್. ಬರಿಗಾಲು, ಬರಿಗೈ, ಮುಖಕ್ಕೊಂದು ಟವಲ್. ನಾಝಲ್ ಕಟ್ಟಿದರೆ ಬಾಯಿಂದಲೇ ಊದುತ್ತಿದ್ದರು. ಕೊನೆಕೊನೆಗೆ "ಈಗಿನ ಎಣ್ಣಿಗೆ ವಾಸನಿನ ಇಲ್ಲ" ಅನ್ನುತ್ತಿದ್ದರು. ನಮಗೆಲ್ಲ ತಲೆ ಸಿಡಿಯುವಷ್ಟು ವಾಸನೆ ಬರುತ್ತಿತ್ತು. ನಡುಕಕ್ಕೆ ಎಷ್ಟೋ ವರ್ಷ ಮೊದಲೇ ಮೂಗಿಗೆ ವಾಸನೆ ಹತ್ತದಿರುವುದು, ಮಲಬದ್ಧತೆ, ನಿದ್ದೆಯಲ್ಲಿ ಕೈಕಾಲು ಬಡಿಯುವುದು ಶುರುವಾಗಬಹುದು ಅಂತ ಆಮೇಲೆ ಗೊತ್ತಾಯಿತು.

ನನ್ನ ತಪ್ಪು ಹೇಳುತ್ತೇನೆ. ನರರೋಗದ ಡಾಕ್ಟರು ಮೊದಲ ದಿನವೇ ಪಾರ್ಕಿನ್ಸನ್‌ಗೆ ಕೊಡುವ ಲೆವೊಡೋಪಾ ಮಾತ್ರೆ ಬರೆದಿದ್ದರು. ಚೀಟಿ ನನ್ನ ಫೈಲಿನಲ್ಲೇ ಇತ್ತು. ನಾನು ಮಾತ್ರೆ ತರಲಿಲ್ಲ. ಮಾತ್ರೆ ಶುರು ಮಾಡಿದರೆ ಟೆಸ್ಟ್ ಕೆಡುತ್ತದೆ, ವಿಷ ಕಾಣದೆ ಹೋಗುತ್ತದೆ ಅಂದುಕೊಂಡೆ. ಇದನ್ನು ಯಾರೂ ನನಗೆ ಹೇಳಿರಲಿಲ್ಲ, ನಾನೇ ಕಲ್ಪಿಸಿಕೊಂಡಿದ್ದು. ರಾಯಚೂರಿನಲ್ಲಿ ರಕ್ತ ಕೊಟ್ಟೆವು, ಹೈದರಾಬಾದಿನಲ್ಲಿ ಕೊಟ್ಟೆವು. ಕ್ಲೋರ್‌ಪೈರಿಫಾಸ್‌ನಂಥ ಎಣ್ಣೆ ಮೈಗೆ ಸೇರಿದರೆ ರಕ್ತದಲ್ಲಿ ಇಳಿಯುವ ಕೋಲಿನೆಸ್ಟರೇಸ್ ನಾರ್ಮಲ್ ಬಂತು. ಅಲ್ಲಿಗಾದರೂ ನಿಲ್ಲಿಸಬೇಕಿತ್ತು ಅಲ್ವಾ? ವಿಷ ಒಳಗೆಲ್ಲೋ ಅಡಗಿದೆ ಅಂತ, ವಿಷ ತೆಗೆಯುತ್ತೇವೆ ಅನ್ನುವ ಒಂದು ಕಡೆ ಸೇರಿಸಿದೆ. ಕಷಾಯ, ಪಥ್ಯ, ಭೇದಿ. ಅಪ್ಪ ಹನ್ನೊಂದು ಕೆಜಿ ಇಳಿದರು. ಹೆಜ್ಜೆ ಅಂಟಿಕೊಂಡಂತೆ ನಿಂತುಬಿಡುತ್ತಿದ್ದರು. 14ನೇ ತಿಂಗಳು ಎಮ್ಮೆ ಕಟ್ಟುವಲ್ಲಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆದಮೇಲೆ ಅದೇ ಮಾತ್ರೆ ಕೊಟ್ಟರು. ಐದಾರು ವಾರಕ್ಕೆ ಅಂಗಿ ಗುಂಡಿ ತಾವೇ ಹಾಕಿಕೊಂಡರು. ಆ ಗುಂಡಿ ನೋಡಿ ನಾನು ಹೊರಗೆ ಹೋಗಿ ಅತ್ತೆ.

ಹಾಗಾಗಿ ನೀವು ಹುಡುಕುತ್ತಿರುವ ಟೆಸ್ಟೇ ಇಲ್ಲ ಅನ್ನುತ್ತೇನೆ. ಕೋಲಿನೆಸ್ಟರೇಸ್ ಪರೀಕ್ಷೆ ಹೇಳುವುದು ಕಳೆದ ಕೆಲವು ವಾರ, ಹೆಚ್ಚೆಂದರೆ ಕೆಲವು ತಿಂಗಳ ಕಥೆ. ಪ್ಯಾರಾಕ್ವಾಟ್ ಬಹುಪಾಲು ಕೆಲವೇ ದಿನದಲ್ಲಿ ಮೂತ್ರದಲ್ಲಿ ಹೋಗುತ್ತದೆ. ಈ ರೋಗದಲ್ಲಿ ಮೆದುಳಿನಲ್ಲಿ ಡೋಪಮಿನ್, ಅಂದರೆ ಕೈಕಾಲು ಆಡಿಸಲು ಬೇಕಾದ ರಾಸಾಯನಿಕ, ಮಾಡುವ ಜೀವಕೋಶಗಳು ಸಾಯುವುದು ವರ್ಷಾನುಗಟ್ಟಲೆ ನಿಧಾನವಾಗಿ. ಕೈ ನಡುಗುವ ಹೊತ್ತಿಗೆ ಎಷ್ಟೋ ಸತ್ತಿರುತ್ತವೆ. ಎಣ್ಣೆಗೂ ಈ ರೋಗಕ್ಕೂ ನಂಟಿಲ್ಲ ಅಂತ ನಾನು ಹೇಳುತ್ತಿಲ್ಲ. 2011ರಲ್ಲಿ ಬಂದ ಅಮೆರಿಕದ ಅಧ್ಯಯನವೊಂದರಲ್ಲಿ ಪ್ಯಾರಾಕ್ವಾಟ್ ಅಥವಾ ರೊಟೆನೋನ್ ಅನ್ನುವ ಕೀಟನಾಶಕ ಬಳಸಿದವರಲ್ಲಿ ಪಾರ್ಕಿನ್ಸನ್ ಸುಮಾರು ಎರಡೂವರೆ ಪಟ್ಟು ಜಾಸ್ತಿ ಕಂಡಿತ್ತು. ಯುರೋಪಿನಲ್ಲಿ 2007ರಿಂದ ಪ್ಯಾರಾಕ್ವಾಟ್‌ಗೆ ಅನುಮತಿ ಇಲ್ಲ. ಆದರೆ ನಿಮ್ಮ ಅಪ್ಪನಿಗೆ ಅದರಿಂದಲೇ ಬಂತು ಅಂತ ಯಾವ ಲ್ಯಾಬೂ ಬರೆದುಕೊಡಲಾರದು.

ಸಂಡೂರು ಕಡೆಯ ಮ್ಯಾಂಗನೀಸ್ ಗಣಿಯಲ್ಲಿ ದುಡಿದವರಾದರೆ ಮಾತು ಬೇರೆ. ಆ ಧೂಳಿನಿಂದಲೂ ಪಾರ್ಕಿನ್ಸನ್ ತರಹದ್ದೇ ತೊಂದರೆ ಬರಬಹುದು, ಲೆವೊಡೋಪಾ ಅಷ್ಟಾಗಿ ಹಿಡಿಯುವುದಿಲ್ಲ. ಆದ್ದರಿಂದ ಡಾಕ್ಟರಿಗೆ ಬರೀ "ರೈತರು" ಅನ್ನಬೇಡಿ. ಏನು ಕೆಲಸ, ಯಾವ ಎಣ್ಣೆ, ಎಷ್ಟು ವರ್ಷ, ಎಲ್ಲ ಹೇಳಿ. ಡಾಕ್ಟರು ಬರೆದಿದ್ದರೆ ಮಾತ್ರೆ ಇವತ್ತೇ ತನ್ನಿ. ಊಟಕ್ಕೆ ಅರ್ಧ ಗಂಟೆ ಮುಂಚೆ ಕೊಟ್ಟರೆ ಚೆನ್ನಾಗಿ ಹತ್ತುತ್ತದೆ, ಬೇಳೆ ಹಾಲಿನ ಜೊತೆ ಬೇಡ. ಸುಮ್ನೆ ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ.

ನಿಮ್ಮ ತಮ್ಮ ಈಗ ಅದೇ ಪಂಪ್ ಹೊರುತ್ತಿದ್ದಾನೆ ಅಂತ ಬರೆದಿದ್ದೀರಿ. ನನಗೆ ಚಿಂತೆ ಅವನದೇ. ಟೆಸ್ಟಿಗೆ ಇಟ್ಟ ದುಡ್ಡಲ್ಲಿ ಅವನಿಗೆ ರಬ್ಬರ್ ಗ್ಲೌಸ್, ಗಂಬೂಟ್, ಒಳ್ಳೆಯ ಮಾಸ್ಕ್ ತಂದುಕೊಡಿ. ಎಣ್ಣೆ ಹತ್ತಿದ ಬಟ್ಟೆ ಬೇರೆಯಾಗಿ ಒಗೆಯಲಿ. ನಮ್ಮನೆಯಲ್ಲಿ ಅದನ್ನು ಇಷ್ಟು ವರ್ಷ ಬರಿಗೈಯಲ್ಲಿ ಒಗೆದವರು ಅಮ್ಮ. ಬದುವಿನ ಕಸಕ್ಕೆ ನಾವೀಗ ಎಣ್ಣೆ ಬಿಟ್ಟಿದ್ದೇವೆ, ಆಳು ಹಚ್ಚಿ ಕೀಳಿಸುತ್ತೇವೆ. ಕೂಲಿ ಜಾಸ್ತಿ ಬೀಳುತ್ತದೆ, ಕೊಡುತ್ತೇವೆ.